ಗೊನೆ ಕಂಬಕ್ಕೆ, ಬಾಟಲಿ ಕೈಗೆ



ಈ ಬೇಸಿಗೆಯಲ್ಲಿ ಬೀಚನಹಳ್ಳಿ ಅಣೆಕಟ್ಟಿನ ಕೆಳಗಿನ ಒಂದೂರಿನಲ್ಲಿ ಮದುವೆಗೆ ಹೋಗಿದ್ದೆ. ಗಂಡಿನ ಕಡೆಯವರು ನಮಗೆ ದೂರದ ನೆಂಟರು. ಚಪ್ಪರದ ಎರಡು ಕಂಬಕ್ಕೂ ಗೊನೆ ಸಮೇತ ಬಾಳೆ ಕಟ್ಟಿದ್ದರು. ಒಂದೊಂದು ಗೊನೆಯಲ್ಲಿ ಹತ್ತು ಚಿಪ್ಪಿಗೆ ಕಮ್ಮಿ ಇರಲಿಲ್ಲ. ಆ ಗೊನೆಯ ಕೆಳಗೇ ಒಬ್ಬ ಹುಡುಗ ಐಸು ತುಂಬಿದ ಡ್ರಮ್ಮಿನೊಳಕ್ಕೆ ಕೈ ಹಾಕಿ, ಬಂದಬಂದವರಿಗೆಲ್ಲ ಪ್ಲಾಸ್ಟಿಕ್ ಬಾಟಲಿ ಹಂಚುತ್ತಿದ್ದ. ಬಾಟಲಿಯ ಮೇಲೆ ರಸ ಸುರಿಯುವ ಮಾವಿನ ಹಣ್ಣಿನ ಚಿತ್ರ. ಒಳಗೆ ಹಳದಿ ನೀರು.

ಯಜಮಾನರನ್ನು ಕೇಳಿದೆ: "ಎಷ್ಟು ಕೇಸು ತರಿಸಿದಿರಿ ಗೌಡ್ರೇ?"

"ನಲವತ್ತು ಕೇಸು ಕಣಪ್ಪ. ಅಂಗಡಿಯೋನು ಬರ್ಕೊಂಡವ್ನೆ. ಬೆಳೆ ಬಂದಾಗ ಕೊಡೋದು."

ಅಂದರೆ ಕಡ! ಇದೇ ಗೌಡರು ಆ ಹದಿನೈದು ದಿನದ ಹಿಂದೆ ಒಂದು ಲೋಡು ನೇಂದ್ರ ಬಾಳೆಯನ್ನು ಕೇರಳಕ್ಕೆ ಕಳಿಸಿದ್ದರು. ಲಾರಿ ಬಾವಲಿ ಗೇಟಿಗೆ ತಡವಾಗಿ ಹೋಯಿತಂತೆ, ರಾತ್ರಿ ರಸ್ತೆ ಬಂದ್ ಆಯಿತಂತೆ, ಕಾಯಿ ಕಾವು ಹತ್ತಿ ತಿರುಗಿಕೊಂಡಿತಂತೆ. ಸಂಜೆ ಹೇಳಿದ ದರ ಬೆಳಿಗ್ಗೆಗೆ ಅರ್ಧ. ಅದರಲ್ಲಿ ಕಮಿಷನ್ನು, ಕೂಲಿ, ಬಾಡಿಗೆ ಕಳೆದು ಕೈಗೆ ಬಂದದ್ದು ಗೊಬ್ಬರದಂಗಡಿಯ ಹಳೇ ಬಾಕಿಗೂ ಸಾಲಲಿಲ್ಲ. ಹಣ್ಣು ಮಾರಿ ಬಾಕಿ ಉಳಿಸಿಕೊಂಡ ರೈತ, ಹಣ್ಣಿನ ಚಿತ್ರವನ್ನು ಕಡ ತಂದು ನೆಂಟರಿಗೆ ಕುಡಿಸುತ್ತಿದ್ದಾನೆ. ಇದಕ್ಕಿಂತ ದೊಡ್ಡ ತಮಾಷೆ ಯಾವ ನಾಟಕದಲ್ಲಿದೆ ಹೇಳಿ?

ಗೌಡರನ್ನು ಹಂಗಿಸಲು ಇದನ್ನು ಬರೆಯುತ್ತಿಲ್ಲ. ನಮ್ಮ ಮನೆಯ ಮದುವೆಯಲ್ಲೂ ನಾವು ಅದನ್ನೇ ಹಂಚಿದ್ದೇವೆ. ಆದರೆ ಆ ಬಾಟಲಿಯ ಲೆಕ್ಕವನ್ನು ನಾವು ಯಾರೂ ಇದುವರೆಗೆ ಮಾಡಿಲ್ಲ. ಈಗ ಮಾಡೋಣ.

ಬಾಟಲಿಯ ಲೆಕ್ಕ

ನಮ್ಮ ದೇಶದ ಆಹಾರ ಕಾನೂನಿನ ಪ್ರಕಾರ 'ಹಣ್ಣಿನ ಪಾನೀಯ' ಎಂದು ಮಾರಬೇಕಾದರೆ ಅದರಲ್ಲಿ ಹಣ್ಣಿನ ಅಂಶ ನೂರಕ್ಕೆ ಹತ್ತು ಭಾಗ ಇದ್ದರೆ ಸಾಕು. ನಿಂಬೆಯದಾದರೆ ಐದೇ ಭಾಗ ಸಾಕು. ಕೆಲವು ಕಂಪನಿಗಳು ಸ್ವಲ್ಪ ಹೆಚ್ಚು ಹಾಕುತ್ತವೆ, ಇಲ್ಲವೆನ್ನುವುದಿಲ್ಲ. ಬಾಟಲಿ ತಿರುಗಿಸಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿರುತ್ತದೆ, ಮಗನ ಕೈಲಿ ಓದಿಸಿ. ಹತ್ತು ಭಾಗ ಎಂದರೆ 200 ಮಿಲಿ ಬಾಟಲಿಯಲ್ಲಿ 20 ಮಿಲಿ ಹಣ್ಣು. ಟೀ ಚಮಚದಲ್ಲಿ ಅಳೆದರೆ ನಾಲ್ಕು ಚಮಚ. ಉಳಿದದ್ದೆಲ್ಲ ನೀರು, ಸಕ್ಕರೆ, ಹುಳಿ, ಬಣ್ಣ, ವಾಸನೆ.

ಆ ನಾಲ್ಕು ಚಮಚದ ಹಣ್ಣಿಗೆ ರೈತನಿಗೆ ಏನು ಸಿಗುತ್ತದೆ? ಕೋಲಾರ ಸೀಮೆಯ ತೋತಾಪುರಿ ಮಾವಿನ ಕತೆ ಕೇಳಿ. ಪಾನೀಯದ ತಿರುಳಿಗಾಗಿ ಕಾರ್ಖಾನೆಗಳು ಕೊಳ್ಳುವ ಮಾವಿನಲ್ಲಿ ತೋತಾಪುರಿ ಮುಖ್ಯವಾದದ್ದು. 2025ರ ಜೂನ್ ತಿಂಗಳಲ್ಲಿ ಅದರ ದರ ಪಾತಾಳಕ್ಕೆ ಬಿತ್ತು. ಗಡಿಯಾಚೆ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ತಿರುಳು ತೆಗೆಯುವ ಕಾರ್ಖಾನೆಗಳಿವೆ. ಅಲ್ಲಿನ ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಕೂಡದೆಂದು ಆಜ್ಞೆ ಮಾಡಿತು. ಶ್ರೀನಿವಾಸಪುರದ ರೈತರು ಬೀದಿಗೆ ಬಂದರು. ಕೊನೆಗೆ ಕ್ವಿಂಟಲಿಗೆ 1,616 ರೂಪಾಯಿ ಎಂದು ದರ ಗೊತ್ತುಮಾಡಿ, ಎರಡೂವರೆ ಲಕ್ಷ ಟನ್ ಮಾವಿಗೆ ಬೆಲೆಯ ವ್ಯತ್ಯಾಸ ತುಂಬಿಕೊಡಲು ಕೇಂದ್ರ ಒಪ್ಪಿತು. ಅದರ ಭಾರವನ್ನು ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಹೊರಬೇಕೆಂದಾಯಿತು.

ಹೋರಾಡಿ ಪಡೆದ ಆ ದರವನ್ನೇ ಹಿಡಿಯಿರಿ. ಕಿಲೋಗೆ 16 ರೂಪಾಯಿ 16 ಪೈಸೆ. ಸಿಪ್ಪೆ, ಓಟೆ ಹೋಗಿ ಒಂದು ಕಿಲೋ ಮಾವಿನಲ್ಲಿ ಅರ್ಧ ಕಿಲೋ ತಿರುಳು ಎಂದಿಟ್ಟುಕೊಳ್ಳಿ. ನೂರಕ್ಕೆ ಹತ್ತರಂತೆ ಬೆರೆಸಿದರೆ ಐದು ಲೀಟರ್ ಪಾನೀಯ. 200 ಮಿಲಿಯ ಬಾಟಲಿಗೆ ತುಂಬಿದರೆ 25 ಬಾಟಲಿ. ಬಾಟಲಿಗೆ ಹತ್ತೇ ರೂಪಾಯಿ ಅಂದರೂ 250 ರೂಪಾಯಿ. ಒಂದು ಬಾಟಲಿಯಲ್ಲಿ ರೈತನ ಪಾಲು ಅರವತ್ತೈದು ಪೈಸೆ!

ಸಕ್ಕರೆಗೆ ಖರ್ಚಿಲ್ಲವೇ, ಬಾಟಲಿಗೆ ಖರ್ಚಿಲ್ಲವೇ, ಕರೆಂಟು, ಲಾರಿ, ಅಂಗಡಿಯವನ ಲಾಭ, ತೆರಿಗೆ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಎಲ್ಲ ಇದೆ. ಅವರ ಖರ್ಚನ್ನೆಲ್ಲ ಬೆಲೆಯಲ್ಲಿ ಕೂಡಿಸುತ್ತಾರೆ. ನಮ್ಮ ಖರ್ಚನ್ನು ಯಾರು ಕೂಡಿಸಿದರು? ಮರಕ್ಕೆ ಹೊಡೆದ ಔಷಧಿ, ಕಾಯಿ ಕೊಯ್ದ ಕೂಲಿ, ಬಡ್ಡಿ, ಮನೆಮಂದಿಯ ದುಡಿಮೆ ಇವು ಆ ಅರವತ್ತೈದು ಪೈಸೆಯಲ್ಲಿ ಎಲ್ಲಿ ಅಡಗಿವೆ? ಅದೂ ಸರ್ಕಾರ ಕೈಹಾಕಿದ ಮೇಲಿನ ದರ. ಆ ವರ್ಷ ತೋತಾಪುರಿ ಬಿದ್ದಾಗ ನಿಮ್ಮೂರಿನ ಅಂಗಡಿಯಲ್ಲಿ ಮಾವಿನ ಬಾಟಲಿ ಒಂದು ರೂಪಾಯಿಯಾದರೂ ಅಗ್ಗವಾಯಿತೇ, ನೆನಪು ಮಾಡಿಕೊಳ್ಳಿ.

ಮನೆಯ ಲೋಟದ ಲೆಕ್ಕ

ಈಗ ಬಾಟಲಿ ಆಚೆಗಿಟ್ಟು ಅಡಿಗೆಮನೆಗೆ ಬನ್ನಿ. ಇದು ಹೆಂಗಸರ ವಿಷಯ ಅಂತ ಪುಟ ಮಗುಚಬೇಡಿ. ಬೆಲೆಯ ಪಾಠ ಇಲ್ಲೇ ಇರುವುದು.

ಚೆನ್ನಾಗಿ ಹಣ್ಣಾದ ಎರಡು ಏಲಕ್ಕಿ ಬಾಳೆ ತಗೊಳ್ಳಿ. ಸುಲಿದ ಮೇಲೆ ಸುಮಾರು 100 ಗ್ರಾಂ ಆಗುತ್ತದೆ. ಕಾಯಿಸಿ ಆರಿಸಿದ ಹಾಲು ಒಂದು ಸಣ್ಣ ಲೋಟ, ಅಂದರೆ 150 ಮಿಲಿ. ಒಂದು ಏಲಕ್ಕಿ ಕುಟ್ಟಿ ಹಾಕಿ. ಮಿಕ್ಸಿಯಲ್ಲಿ ಒಂದು ನಿಮಿಷ ತಿರುಗಿಸಿ. ಹಣ್ಣು ಕಳಿತಿದ್ದರೆ ಸಿಹಿಯೇ ಬೇಕಿಲ್ಲ. ಬೇಕೆಂದವರು ಒಂದು ಚಮಚ ಬೆಲ್ಲದ ಪುಡಿ ಹಾಕಿ. ಬಿಸಿ ಹಾಲಿಗೆ ಮಾತ್ರ ಬೆಲ್ಲ ಹಾಕಬೇಡಿ, ಒಡೆದೀತು. ಕರೆಂಟು ಇಲ್ಲವೋ, ಹಣ್ಣನ್ನು ಕೈಯಲ್ಲಿ ಕಿವುಚಿ, ಹಾಲಿನ ಬದಲು ಮೊಸರು ಸೇರಿಸಿ ಕಡಗೋಲಿನಲ್ಲಿ ಕಡೆಯಿರಿ. ಮಿಕ್ಸಿ ಬರುವುದಕ್ಕೆ ಮುಂಚೆ ನಮ್ಮವರು ಹಣ್ಣು ಕುಡಿಯುತ್ತಿರಲಿಲ್ಲವೇ?

ಆ ಲೋಟದಲ್ಲಿ 250ರಲ್ಲಿ 100 ಪಾಲು ಹಣ್ಣು. ನೂರಕ್ಕೆ ನಲವತ್ತು! ಉಳಿದದ್ದು ಹಾಲು. ಬಾಟಲಿಯಲ್ಲಿ ನೂರಕ್ಕೆ ಹತ್ತು, ಉಳಿದದ್ದು ಸಕ್ಕರೆ ನೀರು. ಯಾವುದು ಮಗುವಿನ ಹೊಟ್ಟೆಗೆ, ಯಾವುದು ಬರೀ ನಾಲಿಗೆಗೆ ಎಂದು ಪಂಚಾಯಿತಿ ಸೇರಿಸಿ ತೀರ್ಮಾನ ಮಾಡಬೇಕೇ?

ಮೈಸೂರಿನ ದೊಡ್ಡ ಹೋಟೆಲುಗಳಲ್ಲಿ ಇದನ್ನೇ 'ಸ್ಮೂದಿ' ಅಂತ ಕರೆದು, ಉದ್ದನೆಯ ಗಾಜಿನ ಲೋಟಕ್ಕೆ ಸುರಿದು, ಕೊಳವೆ ಚುಚ್ಚಿ, ನಮ್ಮ ಒಂದು ಚಿಪ್ಪಿನ ಬೆಲೆಗಿಂತ ಹೆಚ್ಚಿಗೆ ಮಾರುತ್ತಾರೆ. ನಮ್ಮ ಅಜ್ಜಿಯರು ಅದನ್ನು ರಸಾಯನ ಅಂದರು. ತೆಂಗಿನಕಾಯಿ ಹಾಲು, ಬೆಲ್ಲ, ಬಾಳೆಹಣ್ಣು ಇಲ್ಲವೇ ಮಾವಿನ ಹಣ್ಣು ಕಲಸಿ, ಒತ್ತು ಶಾವಿಗೆಯ ಜೊತೆ ಬಡಿಸಿದರು. ಉತ್ತರದ ಕಡೆಯವರು ಸೀಕರಣೆ ಅಂದರು. ರಾಮನವಮಿಗೆ ಬೇಲದ ಹಣ್ಣಿನ ಪಾನಕ, ಕರಬೂಜದ ಪಾನಕ ಮಾಡಿ ದಾರಿಹೋಕರಿಗೆಲ್ಲ ಹಂಚಿದವರು ನಾವು. ಹೆಸರು ಬದಲಾದ ತಕ್ಷಣ ನಮ್ಮದು ನಮಗೇ ಪರದೇಶದ ಸರಕಾಯಿತು!

ಇನ್ನೂ ಗಟ್ಟಿಯಾದದ್ದು ಬೇಕಾದರೆ ರಾಗಿ ಹುರಿಹಿಟ್ಟು ಇದೆ. ಎರಡು ಚಮಚ ಹುರಿಹಿಟ್ಟು, ಒಂದು ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ, ಚೂರು ಬೆಲ್ಲ. ಬೆಳಿಗ್ಗೆ ಇದನ್ನು ಕುಡಿದು ಗದ್ದೆಗೆ ಹೋದವನು ಹತ್ತು ಗಂಟೆಯವರೆಗೆ ಹಸಿವು ಅನ್ನುವುದಿಲ್ಲ.

ಒಂದೊಂದು ಹಣ್ಣಿಗೆ ಒಂದೊಂದು ಗುಣ, ತಿಳಿದು ಮಾಡಿ. ಪರಂಗಿ ಹಣ್ಣನ್ನು ಹಾಲಿನಲ್ಲಿ ತಿರುವಿದರೆ ಕೂಡಲೇ ಕುಡಿಯಬೇಕು, ಇಟ್ಟರೆ ಕಹಿಯಾಗುತ್ತದೆ. ಅನಾನಸಿಗೆ ಹಾಲು ಬೇಡವೇ ಬೇಡ. ಕಲ್ಲಂಗಡಿಗೆ ನೀರೂ ಬೇಡ, ಹಾಲೂ ಬೇಡ, ಚಿಟಿಕೆ ಉಪ್ಪು ಸಾಕು. ಹಲಸಿನ ತೊಳೆಗೆ ತೆಂಗಿನ ಹಾಲು ಒಗ್ಗುತ್ತದೆ. ಸೀಬೆ ಹಣ್ಣನ್ನು ಕಿವುಚಿ ಬೀಜ ಮಾತ್ರ ಸೋಸಿ, ಮೆಣಸಿನ ಪುಡಿ ಉದುರಿಸಿ. ಉಳಿದ ಯಾವುದನ್ನೂ ಸೋಸಬೇಡಿ, ನಾರು ಹೊಟ್ಟೆಗೆ ಹೋಗಬೇಕು. ಫ್ರಿಜ್ ಇದ್ದವರು ಕಳಿತ ಬಾಳೆಯನ್ನು ಸುಲಿದು, ಬಿಲ್ಲೆ ಮಾಡಿ ಐಸಿನ ಗೂಡಿನಲ್ಲಿಡಿ. ಅದನ್ನೇ ತಿರುವಿದರೆ ಐಸು ಹಾಕದೆಯೇ ತಣ್ಣಗೆ ಗಟ್ಟಿಯಾಗಿ ಬರುತ್ತದೆ. ಮಂಡಿಯವನು 'ಹಣ್ಣಾಯ್ತು, ಬ್ಯಾಡ' ಅಂತ ತಳ್ಳಿದ ಚಿಪ್ಪು ಇದಕ್ಕೆ ಎಲ್ಲಕ್ಕಿಂತ ಲಾಯಕ್ಕು. ಸಕ್ಕರೆ ಕಾಯಿಲೆಯವರು ಮಾತ್ರ ಹುಷಾರು. ಹಣ್ಣಿನಲ್ಲೂ ಸಕ್ಕರೆ ಉಂಟು, ಬೆಲ್ಲವೂ ಸಕ್ಕರೆಯ ಅಣ್ಣನೇ.

ಮೈಸೂರಿನ ಬುದ್ಧಿ ಎಲ್ಲಿಗೆ ಹೋಯಿತು?

ಸರ್ಕಾರಗಳು ಈ ವಿಷಯದಲ್ಲಿ ಏನು ಮಾಡಿದವು ಎಂಬುದನ್ನೂ ನೋಡಿ. 1977ರಲ್ಲಿ ಜನತಾ ಸರ್ಕಾರದ ಕಾಲದಲ್ಲಿ ಕೋಕಾ ಕೋಲಾ ಕಂಪನಿ ಈ ದೇಶ ಬಿಟ್ಟು ಹೋಯಿತು. ಹೋದದ್ದು ಒಳ್ಳೆಯದೇ. ಅದರ ಜಾಗದಲ್ಲಿ ಸರ್ಕಾರ ಏನು ತಂದಿತು? ಬಾಳೆಯದೋ, ಮಾವಿನದೋ, ಎಳನೀರಿನದೋ ಪಾನೀಯವನ್ನೇ? ಇಲ್ಲ. ಇನ್ನೊಂದು ಕೋಲಾ! 'ಡಬಲ್ ಸೆವೆನ್' ಎಂದು ಹೆಸರಿಟ್ಟು, ಸರ್ಕಾರದ್ದೇ ಆದ ಮಾಡರ್ನ್ ಫುಡ್ ಇಂಡಸ್ಟ್ರೀಸ್ ಮೂಲಕ ಮಾರಿತು. ಅದರ ಪಾಕ ಸಿದ್ಧವಾದದ್ದು ಎಲ್ಲಿ ಗೊತ್ತೇ? ನಮ್ಮ ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದಲ್ಲಿ. 1950ರಿಂದ ಇರುವ ಆ ಸಂಸ್ಥೆಯಲ್ಲಿ ಹಣ್ಣು ಕೆಡದಂತೆ ಇಡುವ ವಿದ್ಯೆ ಬಲ್ಲವರಿದ್ದಾರೆ, ತರಬೇತಿಯನ್ನೂ ಕೊಡುತ್ತಾರೆ. ಅವರ ಮೇಲೆ ನಮ್ಮ ದೂರಿಲ್ಲ. ಸುತ್ತ ಬಾಳೆ ತೋಟ ಇರುವ ಊರಿನ ವಿಜ್ಞಾನಿಗಳ ಕೈಯಲ್ಲಿ ಕರಿ ನೀರಿನ ನಕಲು ಮಾಡಿಸಿದವರ ಮೇಲೆ ನಮ್ಮ ದೂರು. ಆ ನಕಲೂ ನಿಲ್ಲಲಿಲ್ಲ. 1993ರಲ್ಲಿ ಹಳೇ ಕಂಪನಿ ವಾಪಸು ಬಂದು ಕೂತಿತು.

ಆಮೇಲೆ 2014ರ ಸೆಪ್ಟೆಂಬರ್. ತುಮಕೂರಿನ ಹತ್ತಿರ ವಸಂತನರಸಾಪುರದಲ್ಲಿ ಫುಡ್ ಪಾರ್ಕ್ ಉದ್ಘಾಟನೆಗೆ ಬಂದ ಪ್ರಧಾನಿ ನರೇಂದ್ರ ಮೋದಿ, ತಂಪು ಪಾನೀಯದಲ್ಲಿ ನೂರಕ್ಕೆ ಐದರಷ್ಟಾದರೂ ಹಣ್ಣಿನ ರಸ ಬೆರೆಸಿದರೆ ರೈತರಿಗೆ ಮಾರುಕಟ್ಟೆ ಸಿಗುತ್ತದೆ ಎಂದು ಕಂಪನಿಗಳಿಗೆ ಹೇಳಿದರು. ಮಾತು ಸರಿಯೇ. ಆದರೆ ಕೇಳಿದ್ದೂ ಐದು! ಅದೂ ಕಾನೂನಿನಿಂದಲ್ಲ, ಮನವಿಯಿಂದ. ರೈತನ ಕೈಯಿಂದ ಬಾಕಿ ಕೀಳಲು ನೋಟೀಸು ಬರುತ್ತದೆ. ಕಂಪನಿಯ ಕೈಯಿಂದ ಹಣ್ಣು ಹಾಕಿಸಲು ವಿನಂತಿ ಹೋಗುತ್ತದೆ.

ಹುಣಸೂರು, ಪಿರಿಯಾಪಟ್ಟಣದ ಬಾಂಧವರಿಗೆ ಇನ್ನೊಂದು ಮಾತು ಚೆನ್ನಾಗಿ ಅರ್ಥವಾಗುತ್ತದೆ. ನೀವು ಬ್ಯಾರನ್ನಿನಲ್ಲಿ ಬೇಯಿಸುವ ಹೊಗೆಸೊಪ್ಪಿಗೆ 1976ರಿಂದ ಒಂದು ಮಂಡಳಿ ಇದೆ, 1984ರಿಂದ ಕರ್ನಾಟಕದಲ್ಲಿ ಹರಾಜು ಕಟ್ಟೆ ಇದೆ. ಅಲ್ಲಿನ ಕಷ್ಟ ಅಲ್ಲಿನವರಿಗೇ ಗೊತ್ತು, ಆದರೂ ಕೂಗಲು ಒಂದು ಕಟ್ಟೆಯಾದರೂ ಇದೆ. ಸುಟ್ಟು ಹೊಗೆಯಾಗುವ ಬೆಳೆಗೆ ಕಟ್ಟೆ. ಮಗು ತಿನ್ನುವ ಬಾಳೆಗೆ ಫೋನಿನಲ್ಲಿ ಬಂದದ್ದೇ ದರ. ಕೇಂದ್ರ ಸರ್ಕಾರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ಬಾಳೆಯೂ ಇಲ್ಲ, ಮಾವೂ ಇಲ್ಲ. ಬೆಲೆ ಸತ್ತ ಮೇಲೆ ತಿಥಿಗೆ ಬಂದಂತೆ ಮಧ್ಯಪ್ರವೇಶ ಯೋಜನೆ ಬರುತ್ತದೆ, ಅಷ್ಟೆ.

ನೀವು ಕೇಳುವ ಪ್ರಶ್ನೆಗಳು

"ಮನೇಲಿ ಎರಡು ಲೋಟ ಹಣ್ಣು ಕುಡಿದರೆ ನನ್ನ ಸಾಲ ತೀರುತ್ತಾ?" ತೀರುವುದಿಲ್ಲ. ಹಾಗೆಂದು ಹೇಳುವವನು ಸುಳ್ಳ. ಸಾಲ ಬಂದದ್ದು ಬೆಲೆ ಇಲ್ಲದ್ದರಿಂದ, ಬಾಟಲಿ ಕುಡಿದದ್ದರಿಂದಲ್ಲ. ರೈತ ದುಂದು ಮಾಡಿ ಕೆಟ್ಟ ಅನ್ನುವ ಪೇಟೆಯವರ ಮಾತಿಗೆ ನಾವು ಕೊಳಲೂದುವುದು ಬೇಡ. ಆದರೆ ಒಂದು ಲೋಟ ಕೈಯಾರೆ ಮಾಡಿ ಕುಡಿದವನಿಗೆ ಲೋಟಕ್ಕೆ ಎಷ್ಟು ಹಣ್ಣು ಬೇಕೆಂಬುದು ಗೊತ್ತಾಗುತ್ತದೆ. ಆ ಅಳತೆ ಗೊತ್ತಾದವನಿಗೆ ಬಾಟಲಿಯಲ್ಲಿ ಎಷ್ಟು ಕದ್ದಿದ್ದಾರೆಂಬುದೂ ಗೊತ್ತಾಗುತ್ತದೆ. ಮನೆಯ ಲೋಟವೇ ನಮ್ಮ ಬಳ್ಳ, ನಮ್ಮ ಸೇರು. ಅಳತೆ ಗೊತ್ತಿಲ್ಲದವನು ಸಂತೆಯಲ್ಲಿ ಏನಂತ ಜಗಳ ಮಾಡುತ್ತಾನೆ?

"ಹಾಲೆಲ್ಲಿ ಸ್ವಾಮಿ? ಕರೆದದ್ದೆಲ್ಲ ಡೇರಿಗೆ ಹಾಕ್ತೀವಿ." ಇದು ನಾವು ತಲೆ ತಗ್ಗಿಸಬೇಕಾದ ಉತ್ತರ. 2013ರ ಆಗಸ್ಟಿನಿಂದ ಕ್ಷೀರಭಾಗ್ಯ ಎಂದು ಶಾಲೆಯಲ್ಲಿ ಮಕ್ಕಳಿಗೆ ಹಾಲು ಕೊಡುತ್ತಿದ್ದಾರೆ. ಒಳ್ಳೆಯ ಕೆಲಸ. ಆದರೆ ನಮ್ಮ ಕೊಟ್ಟಿಗೆಯ ಹಾಲು ಕ್ಯಾನಿನಲ್ಲಿ ಊರು ಬಿಟ್ಟು, ಪುಡಿಯಾಗಿ, ನೀರಲ್ಲಿ ಕದಡಿ ನಮ್ಮದೇ ಮಗುವಿನ ಲೋಟಕ್ಕೆ ಬರಬೇಕೇ? ಡೇರಿಗೆ ಹಾಕಿ, ಬೇಡವೆನ್ನುವುದಿಲ್ಲ, ವಾರದ ಕಾಸು ಬೇಕು. ಅಳೆಯುವ ಮುಂಚೆ ಮಕ್ಕಳಿಗೆ ಅರ್ಧ ಲೀಟರ್ ತೆಗೆದಿಡಿ. ಆಮೇಲೆ ಕ್ಯಾನು ಎತ್ತಿ.

"ಮದುವೇಲಿ ಬಾಟಲಿ ಕೊಡದಿದ್ರೆ ಮರ್ಯಾದೆ ಹೋಗುತ್ತಲ್ಲ?" ಯಾರ ಮರ್ಯಾದೆ? ಆ ಎರಡು ಗೊನೆಯಲ್ಲಿ ಒಂದೊಂದರಲ್ಲಿ ಹತ್ತು ಚಿಪ್ಪು, ಚಿಪ್ಪಿಗೆ ಹದಿನಾಲ್ಕು ಹಣ್ಣು ಅಂತ ಹಿಡಿದರೂ 280 ಹಣ್ಣು. ಲೋಟಕ್ಕೆ ಎರಡರಂತೆ 140 ಜನಕ್ಕೆ ಆಯಿತು, ಬರೀ ಕಂಬದಲ್ಲೇ! ಕಂಬಕ್ಕೆ ಕಟ್ಟಿದ್ದು ಕಾಯಿ, ನಿಜ. ವಾರ ಮೊದಲೇ ನಾಲ್ಕು ಗೊನೆ ಕೊಯ್ದು ಹಣ್ಣಿಗೆ ಹಾಕಲು ರೈತನಿಗೆ ಯಾರು ಕಲಿಸಬೇಕು? ಸಾವಿರ ಜನ ಬಂದರೆ ಎಲ್ಲರಿಗೂ ಹಾಲು ಹಣ್ಣು ತಿರುವಲಾಗದು, ಅದೂ ನಿಜ. ಬಿಸಿಲಲ್ಲಿ ಹಾಲಿನದು ಹೆಚ್ಚು ಹೊತ್ತು ಇಡಲೂ ಬಾರದು. ಆಗ ಕಾಯಿಸಿ ಆರಿಸಿದ ನೀರಿನಲ್ಲಿ ಬೇಲದ ಪಾನಕ ಮಾಡಿ, ನಿಂಬೆ ಪಾನಕ ಮಾಡಿ, ನೀರುಮಜ್ಜಿಗೆ ಕೊಡಿ. ನೆಂಟರು ಚಪ್ಪರಿಸಿ ಕುಡಿಯದಿದ್ದರೆ ಕೇಳಿ.

"ನಮ್ಮ ಹೆಂಗಸರಿಗೆ ಪುರುಸೊತ್ತೆಲ್ಲಿ?" ಪುರುಸೊತ್ತಿಲ್ಲ, ಒಪ್ಪಿದೆ. ಬಾಳೆಹಣ್ಣು ಸುಲಿಯಲು ಗಂಡಸಿನ ಕೈಗೆ ಬರುವುದಿಲ್ಲವೇ? ಮೊಸರು ಕಡೆದರೆ ಹಸಿರು ಶಾಲು ಜಾರಿ ಬೀಳುತ್ತದೆಯೇ?

"ನಾವೇ ಸಂಘ ಮಾಡಿ, ಮೆಷಿನ್ ತಂದು ಬಾಟಲಿ ತುಂಬಿಸಿದರೆ?" ಒಳ್ಳೆಯ ಯೋಚನೆ, ಆದರೆ ನಿಧಾನ. 2020ರಲ್ಲಿ ಕೇಂದ್ರ ತಂದ ಕಿರು ಆಹಾರ ಉದ್ಯಮದ ಯೋಜನೆಯಲ್ಲಿ ನೂರಕ್ಕೆ 35ರಂತೆ ಸಹಾಯಧನ ಇಟ್ಟರು. ಸಹಾಯಧನದ ಹಿಂದೆ ಬ್ಯಾಂಕಿನ ಸಾಲ ಇದೆ, ಮರೆಯಬೇಡಿ. ಕೊಳ್ಳುವವನನ್ನು ಗೊತ್ತುಮಾಡಿಕೊಳ್ಳದೆ ಮೆಷಿನ್ನಿಗೆ ಸಹಿ ಹಾಕಿದರೆ, ಬಾಳೆಯ ಸಾಲದ ಜೊತೆಗೆ ಬಾಟಲಿಯ ಸಾಲವೂ ಮನೆಗೆ ಬರುತ್ತದೆ. ಮೊದಲು ಊರ ಜಾತ್ರೆಯಲ್ಲಿ, ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಒಂದು ಮಿಕ್ಸಿ, ನಾಲ್ಕು ಗೊನೆ ಇಟ್ಟು ಮಾರಿ ನೋಡಿ. ನಷ್ಟವಾದರೂ ನಾಲ್ಕು ಗೊನೆಯದು.

ಮಾಡಬೇಕಾದದ್ದು

ಮನೆಯಲ್ಲಿ: ಬೆಳೆದ ಹಣ್ಣಿನಲ್ಲಿ ಮೊದಲ ಚಿಪ್ಪು ಮನೆಯ ಮಕ್ಕಳಿಗೆ. ಉಳಿಕೆ, ಕೊಳೆತದ್ದು, ಮಂಡಿ ತಳ್ಳಿದ್ದು ಮಕ್ಕಳಿಗೆ ಎಂಬ ಪದ್ಧತಿ ಸಾಕು. ಕಡ ತಂದು ಬಾಟಲಿ ಹಂಚುವುದು ಇಂದಿಗೆ ನಿಲ್ಲಲಿ.

ಊರಲ್ಲಿ: ಶಾಲೆಯಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಆ ಬಾಳೆ ಎಲ್ಲಿಂದ ಬರುತ್ತದೆ, ಎಷ್ಟಕ್ಕೆ ಬರುತ್ತದೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಊರಿನ ತೋಟದ್ದೇ ಕೊಳ್ಳಲಿ, ದರವನ್ನು ಶಾಲೆಯ ಬೋರ್ಡಿನ ಮೇಲೆ ಬರೆಯಲಿ.

ಸರ್ಕಾರಕ್ಕೆ: ಹಣ್ಣಿನ ಚಿತ್ರ ಹಾಕಿದ ಪ್ರತಿ ಬಾಟಲಿಯ ಮುಂಭಾಗದಲ್ಲಿ, ಚಿತ್ರದಷ್ಟೇ ದೊಡ್ಡದಾಗಿ, ಕನ್ನಡದಲ್ಲಿ 'ಇದರಲ್ಲಿ ಹಣ್ಣು ನೂರಕ್ಕೆ ಇಷ್ಟು' ಎಂದು ಬರೆಸಿ. ನೂರಕ್ಕೆ ಹತ್ತು ಎಂಬ ಕಾನೂನನ್ನು ಇಪ್ಪತ್ತಕ್ಕೆ ಏರಿಸಿ. ಹತ್ತರಂತೆ ಬೆರೆಸುವ ಕಂಪನಿ ಅಷ್ಟೇ ಬಾಟಲಿ ತುಂಬಿಸಲು ಎರಡರಷ್ಟು ಹಣ್ಣು ಕೊಳ್ಳಬೇಕಾಗುತ್ತದೆ. ಖಜಾನೆಯಿಂದ ಒಂದು ಕಾಸೂ ಖರ್ಚಿಲ್ಲ. ಬಾಳೆ, ಮಾವಿಗೆ ಬೆಲೆ ಬಿದ್ದ ಮೇಲೆ ಓಡಿಬರುವ ಬದಲು ಕೊಯ್ಲಿನ ಮುಂಚೆಯೇ, ನಮ್ಮ ಖರ್ಚನ್ನು ಕೂಡಿಸಿ ದರ ಕಟ್ಟಿ.

ಬೀಚನಹಳ್ಳಿಯಲ್ಲಿ ಕಬಿನಿಗೆ ಕಟ್ಟೆ ಕಟ್ಟಿದ್ದು 1974ರಲ್ಲಿ. ಅದಕ್ಕಾಗಿ ಹಳ್ಳಿಗಳು ಮುಳುಗಿದವು, ನೀರು ಕೆಳಗಿನ ಸೀಮೆಗೆ ಹರಿಯಿತು. ಮುಳುಗಿದವರು ದಡದಲ್ಲಿ ನಿಂತು ನೋಡಿದರು. ನೀರಿನಲ್ಲಿ ಆದದ್ದು ಹಣ್ಣಿನಲ್ಲೂ ಆಗುವುದು ಬೇಡ. ಬೆಳೆದವನು ನೋಡುವವನಾಗಿ, ಚಿತ್ರ ಬರೆದವನು ಮಾರುವವನಾಗಿ ಇನ್ನೆಷ್ಟು ದಿನ?

ಮುಂದಿನ ಮದುವೆಗೆ ಕಂಬಕ್ಕೆ ಗೊನೆ ಕಟ್ಟಿ, ಸಂಪ್ರದಾಯ ಇರಲಿ. ಐಸಿನ ಡ್ರಮ್ಮು ಮಾತ್ರ ಅಂಗಡಿಯಲ್ಲೇ ಇರಲಿ. ಬಂದವರ ಕೈಗೆ ಲೋಟ ಕೊಡಿ. ಕುಡಿದು "ಏನಿದು, ಇಷ್ಟು ಚೆನ್ನಾಗೈತೆ?" ಅಂತ ಕೇಳಿದವರಿಗೆ ಕಂಬದ ಕಡೆ ಕೈ ತೋರಿಸಿ. ಆಮೇಲೆ ನಿಧಾನವಾಗಿ ಅರವತ್ತೈದು ಪೈಸೆಯ ಲೆಕ್ಕ ಹೇಳಿ.